ಎಲೆ ನಾರುವುದಿಲ್ಲ

ವಾದದಲ್ಲಿ ಗೆಲ್ಲುವುದು ಒಂದು ವಿದ್ಯೆಯಾದರೆ, ಎಲ್ಲಿ ಸೋಲಬೇಕೆಂದು ತಿಳಿಯುವುದು ಇನ್ನೊಂದು ವಿದ್ಯೆ. ನನಗೆ ಮೊದಲನೆಯದನ್ನು ಮಾತ್ರ ಕಲಿಸಿದರು. ಹೈಸ್ಕೂಲಿನಿಂದ ಕಾಲೇಜಿನವರೆಗೆ ಚರ್ಚಾಸ್ಪರ್ಧೆ ನಡೆದಲ್ಲೆಲ್ಲ ನಾನಿದ್ದೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಚೀಟಿ ಎತ್ತುವವರೆಗೆ ನನಗೊಂದು ಅಭಿಪ್ರಾಯವೇ ಇರುತ್ತಿರಲಿಲ್ಲ. ಹಾಗೆ ಗೆದ್ದು ತಂದ ಸ್ಟೀಲ್ ತಾಟುಗಳಲ್ಲೇ ಇಂದಿಗೂ ನಮ್ಮ ಮನೆಯವರು ಉಣ್ಣುತ್ತಾರೆ, ಉಣ್ಣುತ್ತಲೇ ನನ್ನ ಬಾಯಿಯನ್ನು ಬೈಯುತ್ತಾರೆ. ಶೈಲಾ ಎಂಬ ನನ್ನ ಹೆಸರು ರೇಷನ್ ಕಾರ್ಡಿನಲ್ಲಿದೆ ಅಷ್ಟೇ. ತಿರ್ಲಾಪುರದ ನಮ್ಮ ಓಣಿಗೆ ನಾನು ‘ವಕೀಲವ್ವ’.

ಇಂಥದೇ ಒಂದು ಸ್ಪರ್ಧೆಗೆ ಹೋದಾಗ ಕಾರವಾರದ ಕಡೆಯ ಗೆಳತಿಯೊಬ್ಬಳು ನನಗೊಂದು ಗಡ್ಡೆ ಕೊಟ್ಟಳು. ಸುವರ್ಣಗಡ್ಡೆಯ ಕುಲದ್ದೇ, ಆದರೆ ಆ ಮನೆತನದ ದೊಡ್ಡಪ್ಪ. ವರ್ಷಗಟ್ಟಲೆ ಕಾಯಿಸುತ್ತದಂತೆ, ಆಮೇಲೆ ಸೊಂಟದೆತ್ತರದ ಹೂ ಬಿಡುತ್ತದಂತೆ. ಸಂಜೆ ಅರಳಿದ್ದು ಮರುದಿನ ಬಾಡುತ್ತದಂತೆ. ಅರಳಿದಷ್ಟು ಹೊತ್ತು ಸತ್ತ ದನದಂತೆ ನಾರುತ್ತದಂತೆ. “ಇಂಥಾ ಹೂವ ಯಾರ್ ಬೆಳಸ್ತಾರ?” ಎಂದಳು ಅವ್ವ. ಹಾಗೆ ಕೇಳಿದ್ದಕ್ಕೇ ಹಿತ್ತಲಲ್ಲಿ ನೆಟ್ಟೆ. ನೆಟ್ಟ ಮೇಲೆ ಮಾತ್ರ ಅದರ ಹುಚ್ಚು ನಿಜವಾಗಿಯೂ ಹಿಡಿಯಿತು. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಕೋಳಿಮರಿ ಬೀಳುವಷ್ಟು ಬಿರಿಯುತ್ತದೆ. ಗಡ್ಡೆಯ ಮೇಲೆ ಹಸಿ ಗೋಣಿಚೀಲ ಹೊದಿಸಿ, ಒಂದು ಸಲವಾದರೂ ಅದರ ಹೂ ನೋಡಿಯೇ ತೀರಬೇಕೆಂದು ಕಾದೆ. ಅದು ಮಾತ್ರ ಪ್ರತಿ ಮಳೆಗಾಲ ಛತ್ರಿಯಂಥ ಒಂದೇ ಒಂದು ಎಲೆ ಬಿಚ್ಚಿ, ಒಣಗಿ, ಮತ್ತೆ ಮಣ್ಣೊಳಗೆ ಮಲಗುತ್ತಿತ್ತು. ಆ ಜಾಗದಲ್ಲಿ ಹೀರೇಬಳ್ಳಿ ಹಬ್ಬಿಸಬೇಕೆಂದು ಅವ್ವನ ಆಸೆ. “ಈ ಸಲ ಮಳಿ ಬೀಳೂದ್ರೊಳಗ ಹೂವ ಬಿಡಲಿಲ್ಲಂದ್ರ ಗಡ್ಡಿ ಕಿತ್ತು ತಿಪ್ಪಿಗೆ ಒಗೀತೀನಿ, ನೋಡ್ಕೋ” ಎಂದು ತೀರ್ಪು ಕೊಟ್ಟಿದ್ದಳು.

ಈ ಬೇಸಿಗೆ ಮಣ್ಣು ಸೀಳಿ ದಪ್ಪನೆಯದೊಂದು ಮೊಳಕೆ ಮೇಲೆದ್ದಿತು. ಮೊದಲು ನೋಡಿದವಳು ಅವ್ವ. “ಏ ಶೈಲಾ, ಬಾರ ಬೇ ಇಲ್ಲೆ! ಮೊಗ್ಗಿ ಬಂದೈತಿ. ಹೂವ ಆಗತೈತಿ ಇದು!” ನಾನು ಇಷ್ಟು ವರ್ಷ ಕಾದದ್ದೇ ಈ ಮಾತಿಗೆ. ಆದರೆ ಏನು ಮಾಡಲಿ, ಪರದ ಪಕ್ಷವನ್ನು ಅವ್ವ ಹಿಡಿದುಬಿಟ್ಟಿದ್ದಳು. ನನ್ನ ಪಾಲಿಗೆ ಉಳಿದದ್ದು ವಿರೋಧ. ಹೋದ ವರ್ಷವೂ ಹೀಗೆಯೇ ಬಂದಿತ್ತು, ಇದು ಎಲೆಯ ಹೊದಿಕೆ, ದಪ್ಪಗಿದೆ ಎಂಬುದು ಮೊಗ್ಗೆಂಬುದಕ್ಕೆ ಸಾಕ್ಷಿಯಲ್ಲ, ಆಸೆ ಬೇರೆ ಆಧಾರ ಬೇರೆ ಎಂದು ಉಸಿರು ಬಿಡದೆ ವಾದಿಸಿದೆ. “ಆತು ತಾಯಿ, ನೀ ಎಲಿ ಅಂದ್ರ ಎಲಿ” ಎಂದು ಅವ್ವ ರೊಟ್ಟಿ ಬಡಿಯಲು ಹೋದಳು. ನಾನು ಗೆದ್ದೆ. ಗೆದ್ದ ವಿಷಯವನ್ನು ಮತ್ತೆ ಹೋಗಿ ನೋಡುವ ಅಭ್ಯಾಸ ನನಗಿಲ್ಲ.

ಕೆಲವು ದಿನ ಕಳೆದು ಒಂದು ಸಂಜೆ ಓಣಿಯಲ್ಲಿ ವಾಸನೆ ಎದ್ದಿತು. ಬೆಳಗಾಗುವಷ್ಟರಲ್ಲಿ ಜನ ಮೂಗಿಗೆ ಟವೆಲು ಕಟ್ಟಿಕೊಂಡು ಗಟಾರ ಇಣುಕುತ್ತಿದ್ದರು. ನಾನು ತರ್ಕಕ್ಕಿಳಿದೆ. ವಾಸನೆ ನಮ್ಮ ಗೋಡೆಯ ಹತ್ತಿರ ಹೆಚ್ಚಿದೆ. ಗೋಡೆಗೆ ಈ ಕಡೆ ನನ್ನ ಗಡ್ಡೆ, ಅದು ಬಿಟ್ಟದ್ದು ಎಲೆ, ಎಲೆ ನಾರುವುದಿಲ್ಲ. ಆದ್ದರಿಂದ ವಾಸನೆ ಗೋಡೆಯ ಆ ಕಡೆಯದು. ಆ ಕಡೆ ಮೌಲಾಸಾಬ್ ಕಾಕಾನ ಮನೆ; ಅಲ್ಲಿ ದರ ಏರಲೆಂದು ಪಡಸಾಲೆಯ ತುಂಬ ತುಂಬಿಟ್ಟ ಹತ್ತಿ.

“ಕಾಕಾ, ನಿಮ್ಮ ಹತ್ತಿ ಬುಡಕ ಹೆಗ್ಗಣ ಸತ್ತೈತ್ರಿ.”

“ನಮ್ಮ ಮನ್ಯಾಗ ಸತ್ರ ನಮಗ ವಾಸನಿ ಬಡಿಯಂಗಿಲ್ಲೇನ್ ಬೇ?”

“ಬಡಿಯಂಗಿಲ್ರಿ! ದಿನಾ ಬಾಜೂಕ ಇರೋರ ಮೂಗಿಗೆ ಅದು ಗೊತ್ತ ಆಗಂಗಿಲ್ಲ.”

ಈ ವಾಕ್ಯವನ್ನು ಆಡಿದ್ದು ನಾನೇ, ಸಾಕ್ಷಿಗಳಿದ್ದಾರೆ. ಕಾಕಾ ನಿಟ್ಟುಸಿರುಬಿಟ್ಟು ಮಕ್ಕಳನ್ನು ಕರೆದ. ಹತ್ತಿ ಬೀದಿಗೆ ಬಂತು, ತಾಡಪತ್ರಿಯ ಮೇಲೆ ಬೆಳ್ಳನೆಯ ಗುಡ್ಡವಾಯಿತು. ನಡುವೆ ಅವ್ವ ಬಂದು “ಶೈಲಾ, ಜರಾ ಹಿತ್ತಲಕ ಬಾ” ಎಂದಳು. “ಮಾತಿನ ನಡುವ ಬರಬ್ಯಾಡ ಬೇ!” ಎಂದೆ. ಮತ್ತೊಮ್ಮೆ ಬಂದಳು, ಕೈ ತೋರಿಸಿ ತಡೆದೆ. ಕಡೆಯ ಹಿಡಿ ಹತ್ತಿಯೂ ಹೊರಬಿದ್ದು, ನೆತ್ತಿಯ ಮೇಲೆ ಬಿಸಿಲು ಬಂದಾಗ ಕಾಕಾ ಖಾಲಿ ಪಡಸಾಲೆಯ ನಡುವೆ ನಿಂತು, “ಎಲ್ಲೈತ್ ಬೇ ನಿನ್ನ ಹೆಗ್ಗಣ?” ಎಂದ.

ಆಗ ನಮ್ಮ ಹಿತ್ತಲಿನಿಂದ ನಗು ಕೇಳಿತು. ಹೋಗಿ ನೋಡಿದರೆ ಓಣಿಯ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಾರೆ. ನಡುವೆ ನನ್ನ ಹೂ. ಬಿಸಿಲಿಗೆ ಸೊರಗಿ, ಒಂದು ಬದಿಗೆ ಕುಸಿದು, ಒದ್ದೆ ಲಂಗದಂತೆ ಜೋತುಬಿದ್ದಿತ್ತು. “ಮುಂಜಾನಿ ನೋಡಬೇಕಿತ್ತವಾ, ದೊಡ್ಡ ಪರಾತದಷ್ಟ ಅಗಲ ಇತ್ತು, ಬದನಿಕಾಯಿ ಬಣ್ಣ!” ಎಂದು ಅವ್ವ ಎಲ್ಲರಿಗೂ ವಿವರಿಸುತ್ತಿದ್ದಳು, ತಾನೇ ಹೆತ್ತವಳಂತೆ. ಅರಳಿದ್ದನ್ನು ನೋಡಿದವಳು ಅವ್ವ, ವರ್ಷಗಟ್ಟಲೆ ಕಾದವಳು ನಾನು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಜನ ವಾಸನೆಗೆಂದುಕೊಂಡರು. ಆ ಒಂದು ತಪ್ಪು ವಾದವನ್ನು ನಾನು ಖಂಡಿಸಲಿಲ್ಲ. ಸಂಜೆಯವರೆಗೆ ಕಾಕಾನ ಹತ್ತಿ ಒಳಗೆ ಹೊತ್ತೆ. “ಹತ್ತಿಗೆ ಗಾಳಿ ಆಡಿದಂಗಾತು ಬಿಡವಾ” ಎಂದು ಕಾಕಾ ಚಹಾ ಕುಡಿಸಿದ.

ಗಡ್ಡೆ ತಿಪ್ಪೆಗೆ ಹೋಗಲಿಲ್ಲ. ಈಗ ಅದು ಅವ್ವನ ಗಡ್ಡೆ. ಮೊನ್ನೆ ಮಳೆ ಬಿದ್ದ ಮೇಲೆ ಮತ್ತೊಂದು ಮೊಳಕೆ ಮೇಲೆದ್ದಿದೆ. “ಈ ಸಲ ಎಲೀನ ಐತಿ ಬೇ” ಎಂದಳು ಅವ್ವ, ಬಹಳ ಮೆತ್ತಗೆ. ಎಲೆ ಹೇಗೆ ಸಾಧ್ಯ? ಹೂ ಎಂಬುದಕ್ಕೆ ಅಲ್ಲೇ ನಿಂತು ಆಧಾರಗಳನ್ನು ಕೊಟ್ಟು ಗೆದ್ದೆ. ಅಂದಿನಿಂದ ಕುರ್ಚಿ ಹಾಕಿಕೊಂಡು ಅದರ ಪಕ್ಕವೇ ಕೂತಿದ್ದೇನೆ. ಈ ಪ್ರಬಂಧವನ್ನೂ ಅಲ್ಲಿಯೇ ಬರೆಯುತ್ತಿದ್ದೇನೆ. ಇಂದು ಬೆಳಗ್ಗೆ ಅದು ಮೆಲ್ಲಗೆ ಬಿಚ್ಚತೊಡಗಿತು: ಹಸಿರಾಗಿ, ಛತ್ರಿಯಂತೆ. ಬಕೆಟ್ ಹಿಡಿದು ಹಾದುಹೋಗುತ್ತಿದ್ದ ಅವ್ವ ಕೇಳಿದಳು, “ಯಾಕ್ ವಕೀಲವ್ವ, ವಾಸನಿ ಬರಾಕತ್ತೈತೇನು?”

“ಸ್ವಲ್ಪ ಸ್ವಲ್ಪ” ಎಂದೆ.