ಮರಕ್ಕೂ ಎರಡಿಂಚು ಲೂಸು

ಅಂಗಡಿಯಲ್ಲಿ ಕೂತು ಬ್ಲೌಸು ಹೊಲಿಯುವಷ್ಟು ಹೊತ್ತು ಏನೂ ಆಗುವುದಿಲ್ಲ. ಅದೇ ಟೇಪನ್ನು ಕೊರಳಿಗೆ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಮರ ಅಳೆಯಲು ಹೊರಟರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ.

ನಾನು ಸರಸ್ವತಿಪುರಂನಲ್ಲಿ ಲೇಡೀಸ್ ಟೈಲರ್. ನನ್ನನ್ನು ಕೆಡಿಸಿದವರು ನಮ್ಮ ಬೀದಿಯ ಬಾಟನಿ ಮೇಷ್ಟ್ರು. ರಿಟೈರಾದ ಮೇಲೆ ಊರಿನಲ್ಲಿರುವ ನಮ್ಮ ನಾಡಿನದೇ ಜಾತಿಯ ಹಳೇ ಮರಗಳನ್ನು ಹುಡುಕಿ, ಸುತ್ತಳತೆ ತೆಗೆದು, ನೋಟ್‌ಬುಕ್ಕಿನಲ್ಲಿ ಬರೆದಿಡುವ ಗೀಳು ಅವರಿಗೆ. ಒಂದು ದಿನ ಟೇಪು ಕೇಳಿಕೊಂಡು ಬಂದರು. ಟೈಲರ್ ಟೇಪನ್ನು ಇನ್ನೊಬ್ಬರ ಕೈಗೆ ಕೊಡುವುದುಂಟೇ? ಟೇಪಿನ ಜೊತೆ ನಾನೂ ಹೋದೆ.

ಎದೆ ಎಲ್ಲಿ?

ಒಂದು ಟೇಪು ಸಾಲದೆಂದು ಮೂರನ್ನು ಜೋಡಿಸಿ ಹೊಲಿದಿದ್ದೆ. ಮೊದಲನೆಯದು ಹುಣಸೆಮರ.

"ಎದೆಮಟ್ಟದಲ್ಲಿ ಅಳೀರಿ" ಎಂದರು ಮೇಷ್ಟ್ರು.

ನಾನು ಮರವನ್ನು ಮೇಲಿಂದ ಕೆಳಗೆ ನೋಡಿದೆ. "ಇದರ ಎದೆ ಎಲ್ಲಿ ಬರುತ್ತೆ ಸಾರ್?"

"ಮರದ್ದಲ್ಲ ಕಣ್ರೀ, ನಿಮ್ಮದು!"

ಅಳೆದು, ಅಭ್ಯಾಸಬಲದಿಂದ ಎರಡಿಂಚು ಸೇರಿಸಿ ಹೇಳಿದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಟೇಪು ನೋಡಿದರು. "ಎರಡಿಂಚು ಯಾಕೆ ಜಾಸ್ತಿ?"

"ಬೆಳೆಯೋ ಮೈ ಅಲ್ವಾ ಸಾರ್, ಆಮೇಲೆ ಬಿಗಿಯಾಗ್ಬಾರ್ದು ಅಂತ."

ಇನ್ನು ಮೇಲೆ ಇದ್ದಷ್ಟೇ ಹೇಳಬೇಕೆಂದು ಆ ಮರದ ಕೆಳಗೇ ಆಣೆ ಹಾಕಿಸಿಕೊಂಡರು.

ಬಲಸುತ್ತು

ಅರಳಿಕಟ್ಟೆಯಲ್ಲಿ ಹೆಂಗಸರು ಪ್ರದಕ್ಷಿಣೆ ಹಾಕುತ್ತಿದ್ದರು. ನಾನು ಟೇಪು ಹಿಡಿದು ಎದುರಿನಿಂದ ಸುತ್ತತೊಡಗಿದೆ. ಒಬ್ಬರು ಅಜ್ಜಿ ಅಡ್ಡ ನಿಂತರು.

"ಏನಪ್ಪಾ, ಎಡಕ್ಕೆ ಸುತ್ತಾ ಇದ್ದೀಯ? ಕಂಡೋರು ಏನಂದಾರು!"

"ಅಳತೆ ಅಜ್ಜಿ, ಯಾವ ಕಡೆ ಸುತ್ತಿದ್ರೂ ಒಂದೇ ಬರುತ್ತೆ."

"ನಿನಗೆ ಒಂದೇ. ಅದಕ್ಕೆ?" ಎಂದು ಮರ ತೋರಿಸಿದರು.

ಟೇಪು ಬಿಚ್ಚಿ ಮತ್ತೆ ಬಲಕ್ಕೆ ಸುತ್ತಿದೆ. ಅಜ್ಜಿ ಸಂತೋಷಪಟ್ಟು ಮರಕ್ಕೂ ಟೇಪಿಗೂ ಸೇರಿಸಿಯೇ ಕುಂಕುಮ ಹಚ್ಚಿಬಿಟ್ಟರು. ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ. ನನ್ನ ಟೇಪಿನಲ್ಲಿ ಮೂವತ್ತನಾಲ್ಕನೇ ಇಂಚು ಈಗ ಕಾಣುವುದೇ ಇಲ್ಲ. ಆ ಅಳತೆಯ ಗಿರಾಕಿಗಳಿಗೆಲ್ಲ ಅಂದಿನಿಂದ ಮೂವತ್ತೈದೇ ಗತಿ.

ಪರದೇಶಿ

ಬನ್ನಿಮಂಟಪದ ಕಡೆ ಒಂದು ಭಾರೀ ಮರ ಕಂಡೆ. ಅರ್ಧ ರಸ್ತೆಗೆ ಚಪ್ಪರ ಹಾಕಿದ ಹಾಗಿತ್ತು. ಖುಷಿಯಿಂದ ಅಳೆಯಲು ಹೋದರೆ ಮೇಷ್ಟ್ರು ನೋಟ್‌ಬುಕ್ಕು ತೆರೆಯಲೇ ಇಲ್ಲ. "ಇದು ಮಳೆಮರ ಕಣ್ರೀ. ಹೊರದೇಶದ್ದು. ನಮ್ಮ ಪಟ್ಟಿಗೆ ಬರೋಲ್ಲ."

ಅದರ ನೆರಳಲ್ಲೇ ಎಳನೀರು ಕೊಚ್ಚುತ್ತಿದ್ದವನು ಮಚ್ಚು ಕೆಳಗಿಟ್ಟ. "ನಮ್ಮ ತಾತನ ಕಾಲದಿಂದ ಇಲ್ಲೇ ನೆರಳು ಕೊಡ್ತಾ ಐತೆ ಸಾ. ಇನ್ನೂ ರೇಷನ್ ಕಾರ್ಡ್ ಕೊಡ್ನಿಲ್ವಾ?"

ಎರಡಿಂಚು

ನನ್ನ ಹಳೇ ಗಿರಾಕಿ ಅಮ್ಮನವರೊಬ್ಬರು ಒಂದು ದಿನ ಅಂಗಡಿಯಲ್ಲಿ ಕಣ್ಣೀರು ಹಾಕಿಬಿಟ್ಟರು. ಅವರ ಕಾಂಪೌಂಡಿನಲ್ಲಿ ದೊಡ್ಡ ನೇರಳೆ ಮರವಿದೆ. ಹಣ್ಣು ಬಿದ್ದು ಯಜಮಾನರ ಬಿಳೀ ಕಾರೆಲ್ಲ ನೇರಳೆ ಬಣ್ಣ. ಕಡಿಸಲು ಅರ್ಜಿ ಬರೆದಿಟ್ಟಿದ್ದಾರೆ. "ಮದುವೆಯಾಗಿ ಬಂದಾಗಿನಿಂದ ಅದರ ಕೆಳಗೇ ಕೂತು ಅಕ್ಕಿ ಆರಿಸ್ತಾ ಇದೀನಿ ಕಣ್ರೀ. ನನ್ನ ಮಾತು ಕೇಳಲ್ಲ ಅವರು."

ನನಗೂ ಸಂಕಟವಾಯಿತು. ಭಾನುವಾರ ಮೇಷ್ಟ್ರನ್ನು ಕರೆದುಕೊಂಡು ಹೋದೆ. ಯಜಮಾನರು ಗೇಟಿನಲ್ಲೇ ಕೇಳಿದರು: "ವಿಜಯನಗರದಲ್ಲಿ ನಮ್ಮ ಷಡ್ಡಕನ ಮನೇದೂ ಅಳೆದ್ರಂತೆ? ಎಷ್ಟು?"

"ನೂರ ಮೂವತ್ತೊಂದು ಇಂಚು. ನೇರಳೇಲಿ ಸದ್ಯಕ್ಕೆ ಅದೇ ದೊಡ್ಡದು" ಎಂದರು ಮೇಷ್ಟ್ರು.

"ನಮ್ಮದು ಅಳೀರಿ. ಮೊದಲನೇದು ಬಂದ್ರೆ ಒಂದು ಫೋಟೋ ತೆಗೆಸಿ, ಫ್ರೇಮ್ ಹಾಕಿಸಿ ಅವನಿಗೆ ತೋರಿಸ್ತೀನಿ. ಆಮೇಲೆ ಸೋಮವಾರ ಕಡಿಸೋಕೆ ಅರ್ಜಿ ಕೊಟ್ಟುಬುಡ್ತೀನಿ."

ಟೇಪಿನ ತುದಿಯನ್ನು ಅಮ್ಮನವರ ಕೈಗೇ ಕೊಟ್ಟು ಸುತ್ತಿ ಬಂದೆ. ನೂರ ಮೂವತ್ತೆರಡು. ಅಮ್ಮನವರೂ ನೋಡಿದರು, ನಾನೂ ನೋಡಿದೆ. ಇಷ್ಟು ವರ್ಷ ಎಲ್ಲರಿಗೂ ಎರಡಿಂಚು ಬಿಟ್ಟವನು ಅಂದು ಮೊದಲ ಸಲ ಎರಡಿಂಚು ಕತ್ತರಿಸಿದೆ.

"ನೂರ ಮೂವತ್ತು!"

ಮೇಷ್ಟ್ರು ಬಗ್ಗಿ ಟೇಪು ನೋಡಿದರು. ನನ್ನ ಮುಖ ನೋಡಿದರು. ಪೆನ್ನು ಜೇಬಿಗೆ ಹಾಕಿ ಪೆನ್ಸಿಲ್ ತೆಗೆದರು.

"ಒಂದಿಂಚಾ? ಬರೀ ಒಂದಿಂಚಿಗೆ ಅವನು ಮುಂದಾ?" ಯಜಮಾನರು ಕೆಂಪಗಾದರು. "ಕಡಿಸೋದಾ? ಇನ್ನೆರಡು ವರ್ಷ ಬಿಟ್ಟು ಬನ್ರೀ, ತೋರಿಸ್ತೀನಿ!"

ಈಗ ಬಿಳೀ ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಯಜಮಾನರು ದಿನಾ ಬೆಳಿಗ್ಗೆ ಮರಕ್ಕೆ ನೀರು ಹಾಕಿ, ಸಗಣಿ ಗೊಬ್ಬರ ಹಾಕಿ, ಮನೆಯ ದಾರದಲ್ಲಿ ಸುತ್ತಳತೆ ನೋಡುತ್ತಾರಂತೆ. ದಾರ ಹಿಡಿಯುವವರು ಅಮ್ಮನವರೇ ಆದ್ದರಿಂದ ನನಗೆ ಭಯವಿಲ್ಲ.

ಮೊನ್ನೆ ಅಮ್ಮನವರು ಬ್ಲೌಸ್ ಪೀಸು ತಂದರು. ಸೊಂಟಕ್ಕೆ ಟೇಪು ಸುತ್ತಿ, ಪುಸ್ತಕದಲ್ಲಿ ಬರೆಯಲೆಂದು "ಮೂವತ್ತೆಂ..." ಎನ್ನುವಷ್ಟರಲ್ಲಿ ನನ್ನ ಕೈ ಹಿಡಿದುಕೊಂಡರು.

"ಮರಕ್ಕೆ ಮಾಡಿದ ಉಪಕಾರ ನನಗೂ ಮಾಡಿ. ಅವರು ಹೊರಗೆ ಕಾರಲ್ಲಿ ಕೂತಿದಾರೆ. ಮೂವತ್ತಾರು ಅಂತ ಜೋರಾಗಿ ಹೇಳಿ."

ನಾನು ರಸ್ತೆಗೆ ಕೇಳುವ ಹಾಗೆ ಕೂಗಿದೆ. ಅಮ್ಮನವರು ಸಮಾಧಾನದಿಂದ ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದರು:

"ಹೊಲಿಯೋದು ಮಾತ್ರ ನಲವತ್ತಕ್ಕೇ ಹೊಲೀರಿ. ಬೆಳೆಯೋ ಮೈ."