ಗೇರ್ ಕೋಲಿಗೆ ಹಾಳೆಯ ಮುಸುಕು

ಚನ್ನಗಿರಿ ಪೇಟೆಯಲ್ಲಿ ಸ್ವಂತ ಕಾರಿದ್ದ ಕೆಲವೇ ಮಂದಿಯಲ್ಲಿ ನಾನೂ ಒಬ್ಬ. ಕಾರು ಮೂರನೆಯ ಕೈಯದು, ಕೈಬ್ರೇಕು ಹಿಡಿಯದ್ದು. ಆದರೂ ಕಾರು ಕಾರೇ! ಅದಕ್ಕಿದ್ದ ಒಂದು ಸಣ್ಣ ದೋಷವೆಂದರೆ, ಗೇರ್ ಕೋಲಿನ ಬುಡಕ್ಕೆ ಹೊದಿಸಿದ್ದ ರಬ್ಬರ್ ಮುಸುಕು ಹರಿದುಹೋಗಿ, ಆ ತೂತಿನಿಂದ ದಾರಿಯ ಧೂಳೆಲ್ಲ ಒಳಗೆ ನುಗ್ಗುತ್ತಿತ್ತು. ಹಿಂದಿನ ಸಲ ಜಗಳೂರಿಗೆ ಹೋದಾಗ ನನ್ನ ಹೆಂಡತಿ ಗಿರಿಜೆಯನ್ನು ಅವಳ ಹೆತ್ತ ತಾಯಿಯೇ ಗುರುತಿಸಲಿಲ್ಲ.

ಈಗ ಅವಳ ತಮ್ಮ ಮಹದೇವನ ಮದುವೆ. ವರನ ಮೆರವಣಿಗೆ ನನ್ನ ಕಾರಿನಲ್ಲೇ ಆಗತಕ್ಕದ್ದೆಂದು ನಾನೇ ಮಾವನವರಿಗೆ ಕಾಗದ ಬರೆದಿದ್ದೆ.

"ಈ ಸಲ ತವರಿನಾಗೆ ನನ್ನ ಮರ್ಯಾದೆ ಹೋದ್ರೆ ಈ ಕಾರು ಮನಿಯಾಗಿರಬಾರ್ದು ನೋಡ್ರಿ! ಎತ್ತಿನ ಗಾಡಿನೇ ಸಾಕು" ಎಂದಳು ಗಿರಿಜೆ.

ಅದು ಯುದ್ಧದ ಕಾಲ. ರಬ್ಬರ್ ಸಾಮಾನು ಎಲ್ಲಿಯೂ ಸಿಗದು. ಮೋಟಾರು ಮಿಸ್ತ್ರಿ ಖಾಸಿಂ ಸಾಬರು, "ಚರ್ಮದ್ದು ಹೊಲಿಸಿ ಹಾಕಾಕೆ ಎರಡು ದಿವಸ ಬೇಕು ರೀ" ಎಂದರು. ಅಂಗೈಯಗಲದ ಮುಸುಕಿಗೆ ಎರಡು ದಿವಸವೇ! ಇದಕ್ಕೆ ಪರರ ಹಂಗೇಕೆಂದು ನಾನೇ ಟೊಂಕ ಕಟ್ಟಿದೆ.

ಹಿತ್ತಿಲಲ್ಲಿ ಅಡಿಕೆ ಹಾಳೆ ಬಿದ್ದಿತ್ತು. ಒಂದು ದಿನ ನೀರಲ್ಲಿ ನೆನೆಸಿದೆ. ಆಹಾ, ಚರ್ಮದಷ್ಟೇ ಮೆತ್ತಗಾಯಿತು! ಹೊರಡುವ ದಿನ ಬೆಳಿಗ್ಗೆ ಗೇರ್ ಕೋಲಿನ ಗುಂಡು ಬಿಚ್ಚಿ, ಹಾಳೆಗೆ ತೂತು ಕೊರೆದು, ಎರಡು ಪದರ ಇಳಿಸಿ, ಕೋಲಿಗೆ ಬಿಗಿಯಾಗಿ ಸುತ್ತಿ, ನೆಲಕ್ಕೆ ಎಂಟು ತಿರುಪು ಬಿಗಿದೆ. ಸಾಬರು ಬಂದು ನೋಡಿ ಗಡ್ಡ ಸವರಿಕೊಂಡರು.

"ಒಣಗಿದ ಮ್ಯಾಲೆ ಹೆಂಗಾಗ್ತೈತೋ, ಸಾವ್ಕಾರ್ರೆ..."

ಹೊಟ್ಟೆಕಿಚ್ಚು ಎಂದುಕೊಂಡೆ.

ದಾರಿಯುದ್ದಕ್ಕೂ ಒಂದು ಚಿಟಿಕೆ ಧೂಳು ಬರಲಿಲ್ಲ. ಗಿರಿಜೆ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಮದುವೆಯಾದ ಮೇಲೆ ಅದೇ ಮೊದಲು! ಮಧ್ಯಾಹ್ನ ಜಗಳೂರು ಸೇರಿ, ಬೀದಿಯವರೆಲ್ಲ ನೋಡಲೆಂದು ಕಾರನ್ನು ನೆರಳು ಬಿಟ್ಟು ಸುಡುಬಿಸಿಲಲ್ಲೇ ನಿಲ್ಲಿಸಿದೆ. ಕೈಬ್ರೇಕು ಇಲ್ಲವಲ್ಲ, ಉರುಳದಿರಲೆಂದು ಎಂದಿನಂತೆ ರಿವರ್ಸ್ ಗೇರಿಗೆ ಹಾಕಿ ಊಟಕ್ಕೆ ಹೋದೆ.

ಸಂಜೆ ಕಾರಿನ ಬಟ್ಟೆಯ ಮುಚ್ಚಿಗೆ ಮಡಚಿ, ಹೂವು ಕಟ್ಟಿ, ಬಾಸಿಂಗ ತೊಟ್ಟ ಮಹದೇವನನ್ನು ನನ್ನ ಪಕ್ಕದಲ್ಲಿ ಕೂರಿಸಿದರು. ಹೆಣ್ಣಿನ ಮನೆ ಅದೇ ಬೀದಿಯ ಕೊನೆಯಲ್ಲಿ, ಕಾರಿನ ಬೆನ್ನ ಕಡೆಗಿತ್ತು; ಕಾರು ತಿರುಗಿಸಿಕೊಳ್ಳಬೇಕಿತ್ತು. ವಾಲಗದವರು ಊದತೊಡಗಿದರು. ನಾನು ಗೇರ್ ಕೋಲು ಎಳೆದೆ. ಬರಲಿಲ್ಲ. ಎರಡೂ ಕೈಯಲ್ಲಿ ಜಗ್ಗಿದೆ. ಊಹೂಂ! ಗೇರ್ ಪೆಟ್ಟಿಗೆಯೇ ಕೆಟ್ಟಿತೆಂದು ತೀರ್ಮಾನಿಸಿದೆ. ನನ್ನ ಕೈಕೆಲಸದ ಮೇಲೆ ಅನುಮಾನ ಬರಲು ಸಾಧ್ಯವೇ?

"ಏನಾತು ಭಾವ?" ಎಂದ ಮಹದೇವ.

"ಏನೂ ಇಲ್ಲ. ಹಿಂದು ಮುಂದಾಗಿ ಹೋಗೋಣ" ಎಂದು ಕಾರು ಬಿಟ್ಟೆ.

ಹೀಗೆ ವರ ತನ್ನ ಭಾವೀ ಮಾವನ ಮನೆಗೆ ಬೆನ್ನು ಹಾಕಿಕೊಂಡೇ ಬಿಜಯಂಗೈದನು. ನಾನು ಕತ್ತು ಹಿಂದಕ್ಕೆ ತಿರುಚಿಕೊಂಡು ಓಡಿಸುತ್ತಿದ್ದೆ. ವಾಲಗದವರು ಹಿಂದಿರುಗಿ ನೋಡಿ ನೋಡಿ ತಾಳ ತಪ್ಪುತ್ತಿದ್ದರು. ಒಬ್ಬ ಹಿರಿಯರು ಕೂಗಿ ಕೇಳಿದರು: "ಇದ್ಯಾವ ಪದ್ಧತಿ ರೀ?"

"ಚನ್ನಗಿರಿ ಕಡೆಯದು! ವರ ತನ್ನ ಮನೆಯೋರಿಗೆ ಬೆನ್ನು ತೋರ್ಸಬಾರ್ದು!" ಎಂದೆ. ಹಿಂದಿನ ಸೀಟಿನಲ್ಲಿ ಗಿರಿಜೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎತ್ತಿನ ಗಾಡಿ ನನ್ನ ಕಣ್ಣ ಮುಂದೆ ಬಂತು.

ಹೆಣ್ಣಿನ ಮನೆ ಬಂತು. ಹೆಣ್ಣಿನ ತಂದೆಯ ಮುಖ ಗಂಟಿಕ್ಕಿತ್ತು. ವರ ಇಳಿಯುವ ಮೊದಲೇ ಕಾಲಿಗೆ ನೀರು ಹಾಕಲು ಹೆಣ್ಣಿನ ಸೋದರತ್ತೆ ದೊಡ್ಡ ತಂಬಿಗೆ ಹಿಡಿದು ಬಂದರು. ಯಾವ ಕಡೆಯಿಂದ ಹಾಕಬೇಕೆಂದು ತಿಳಿಯದೆ ಗಲಿಬಿಲಿಗೊಂಡು ಇಡೀ ತಂಬಿಗೆಯನ್ನು ಕಾರಿನೊಳಕ್ಕೇ ಸುರಿದುಬಿಟ್ಟರು. ನೀರೆಲ್ಲ ನನ್ನ ಹಾಳೆಯ ಮೇಲೆ! ಆರತಿ ಮುಗಿಯುವ ಹೊತ್ತಿಗೆ, ಸುಮ್ಮನೆ ಕೋಲು ಮುಟ್ಟಿದೆ. ಟಕ್! ಬೆಣ್ಣೆಯಲ್ಲಿ ಆಡಿದಂತೆ ಬಂತು.

ಮಾವನವರು ಬಗ್ಗಿ ನೋಡಿದರು. "ಅಳಿಯಂದಿರೆ, ನಿಮ್ಮದು ಅಡಿಕೆ ಊರಲ್ವಾ? ಒಂದೂ ಅಡಿಕೆ ಮರ ಇಲ್ಲದ ನಮ್ಮೂರಾಗೂ ಗೊತ್ತೈತಿ, ಹಾಳೆ ಒಣಗಿದ್ರೆ ಸೆಟೆದು ಕೂರ್ತೈತೆ ಅಂತ!"

ಹೆಣ್ಣಿನ ತಂದೆ ಮೊದಲು ನಕ್ಕರು. ಆಮೇಲೆ ಇಡೀ ಬೀದಿ ನಕ್ಕಿತು. ಬಾಸಿಂಗ ಅಲುಗುವಂತೆ ಮಹದೇವನೂ ನಕ್ಕ. ನನಗೂ ನಗು ಬಂತು, ಆದರೆ ಯಾರ ಕಡೆಗೂ ತಿರುಗಿ ನಗಲಾಗಲಿಲ್ಲ. ಹಿಂದಕ್ಕೆ ತಿರುಚಿದ್ದ ಕತ್ತು ಹಾಗೇ ನಿಂತುಬಿಟ್ಟಿತ್ತು! ಮದುವೆಯ ಊಟದಲ್ಲಿ ನನ್ನ ಎಲೆಯ ಹೋಳಿಗೆ ಕಾಣದೆ ಪಕ್ಕದವರ ಹೋಳಿಗೆಗೇ ಎರಡು ಸಲ ಕೈ ಹಾಕಿದೆ.

ಗಿರಿಜೆ ತಂಬಿಗೆ ಹಿಡಿದು ಬಂದು ನನ್ನ ಹಿಂದೆ ನಿಂತಳು. ಅಲ್ಲಿ ನಿಂತರೇ ಅವಳ ಮುಖ ನನಗೆ ಕಾಣುತ್ತಿದ್ದುದು.

"ಧೂಳೇನೋ ಬರಲಿಲ್ಲ, ಕಾರು ಮನಿಯಾಗೇ ಇರಲಿ ಬಿಡ್ರಿ" ಎಂದಳು. "ಈಗ ಸ್ವಲ್ಪ ಬಗ್ರಿ. ಹಾಳೆ ಒಂದು ತಂಬಿಗೆ ನೀರಿಗೆ ಬಗ್ಗಿತು. ನಿಮಗೆ ಎಷ್ಟು ಬೇಕೋ ನೋಡಾನ!"