ಮಾವು ಬಿಟ್ಟವರ ಬೆಂಗಳೂರು ಪ್ರವಾಸ

ಬೆಂಗಳೂರು ನೋಡಿಕೊಂಡು ಬಂದಿರಲ್ಲ, ಏನೇನು ನೋಡಿದಿರಿ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ನಾನು ನೋಡಿದ್ದು ಎರಡೇ. ಒಂದು ನಮ್ಮ ಯಜಮಾನರ ಕೈ, ಇನ್ನೊಂದು ಅವರ ಬಾಯಿ. ಆ ಕೈ ಆ ಬಾಯಿಯ ಕಡೆ ಹೊರಟಾಗಲೆಲ್ಲ ನನ್ನ ಎದೆ ಡವಗುಟ್ಟುತ್ತಿತ್ತು. ವಿಧಾನಸೌಧ ನನ್ನ ಬೆನ್ನ ಹಿಂದೆ ಎಲ್ಲೋ ಇತ್ತಂತೆ.

ಇಷ್ಟು ಭಯ ಯಾಕೆ ಎಂದು ತಿಳಿಯಬೇಕಾದರೆ ಕಾಶಿಯಿಂದ ಶುರುಮಾಡಬೇಕು. ನಮ್ಮ ಮಗ ಕಾಂತರಾಜನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಹೋದ ವರ್ಷ ಮಾಘದ ಚಳಿಯಲ್ಲಿ ನಮ್ಮೂರು ಬೈರಕೂರಿನಿಂದ ಒಂದು ಬಸ್ಸು ಜನ ಕಾಶಿಗೆ ಹೊರಟಾಗ ನಾವೂ ಹತ್ತಿದೆವು. ಕಾಶಿಗೆ ಹೋದವರು ತಮಗೆ ತುಂಬ ಇಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಗಂಗೆಯಲ್ಲಿ ಬಿಟ್ಟು ಬರಬೇಕಲ್ಲವೇ. ಬಿಟ್ಟ ಮೇಲೆ ಜೀವ ಇರುವವರೆಗೂ ಅದನ್ನು ಬಾಯಿಗೆ ಇಡುವ ಹಾಗಿಲ್ಲ. (ಬುದ್ಧಿವಂತರು ಹಾಗಲಕಾಯಿ ಬಿಟ್ಟು ಬರುತ್ತಾರೆ.) ನಾನು ಮೊಮ್ಮಗು ಬೇಕೆಂದು ಬೇಡಿಕೊಂಡು, ನನಗೆ ಪ್ರಾಣವಾಗಿದ್ದ ಹಲಸಿನಹಣ್ಣನ್ನು ಬಿಟ್ಟೆ. ನಮ್ಮವರು ಸೊಂಟದ ಮಟ್ಟದ ನೀರಿನಲ್ಲಿ ಗಡಗಡ ನಡುಗುತ್ತ ನಿಂತಿದ್ದರು. ಏನು ಆವೇಶ ಬಂತೋ, ಮಾವು ಬಿಟ್ಟೆ ಎಂದುಬಿಟ್ಟರು. ಅವರ ಹೆಸರು ಆವಲಪ್ಪ. ಅವರಿಗೆ ಇರುವುದೇ ಮಾವಿನ ತೋಪು.

ಚಳಿಗಾಲದಲ್ಲಿ ಮಾವು ಬಿಡುವುದು ಸುಲಭ. ಬೇಸಿಗೆ ಬಂದಾಗ ಅವರಿಗೆ ತಾವು ಏನು ಮಾಡಿಕೊಂಡೆವೆಂದು ತಿಳಿಯಿತು. ತೋಪಿನಲ್ಲಿ ಕಾಯಿ ಇಳಿಸುವಾಗ ಮೂಗಿಗೆ ಟವೆಲ್ಲು ಕಟ್ಟಿಕೊಂಡು ನಿಲ್ಲುತ್ತಿದ್ದರು.

"ಅಲ್ಲ ಕಣೇ ಗಂಗಾಲಕ್ಷ್ಮಿ, ನಾನು ಬಿಟ್ಟಿದ್ದು ಹಣ್ಣು ತಾನೆ? ಕಾಯಿ ತಿನ್ನಬಹುದಲ್ಲ?"

"ಕಾಯೇ ಅಲ್ವಾ ಹಣ್ಣಾಗೋದು?"

"ಉಪ್ಪಿನಕಾಯಿ ಯಾವತ್ತೂ ಹಣ್ಣಾಗಲ್ವಲ್ಲ."

"ಆಗಲ್ಲ ರೀ, ತಿನ್ನಬೇಡಿ."

"ಹಂಗಾದ್ರೆ ಮರದ ನೆರಳಲ್ಲಿ ಮಲಗಬಹುದೋ, ಅದೂ ಗಂಗೆ ಪಾಲಾಯ್ತೋ?"

ಇದನ್ನೆಲ್ಲ ನಾನು ತಮಾಷೆಯಾಗಿ ತೆಗೆದುಕೊಳ್ಳುತ್ತಿದ್ದೆನೋ ಏನೋ, ಪಕ್ಕದ ಮನೆಯ ಭಾರತಮ್ಮ ಇಲ್ಲದಿದ್ದರೆ. ನಮ್ಮ ಜೊತೆಯಲ್ಲೇ ಕಾಶಿಗೆ ಬಂದಿದ್ದವರು. ನನ್ನ ಗುಣವೇನೆಂದರೆ ಯಾರು ಏನು ಹೇಳಿದರೂ ಕೊನೆಯವರೆಗೂ ಕೇಳುತ್ತೇನೆ. (ಯಜಮಾನರನ್ನು ಬಿಟ್ಟು. ಅವರ ಮಾತಿನ ಕೊನೆ ನನಗೆ ಮೊದಲೇ ಗೊತ್ತಿರುತ್ತದೆ.) ಕೇಳುವವರು ಸಿಕ್ಕರೆ ಭಾರತಮ್ಮನಿಗೆ ಹಬ್ಬ.

"ನಮ್ಮ ಭಾವ ಕಾಶೀಲಿ ಸೋರೆಕಾಯಿ ಬಿಟ್ಟಿದ್ದ ಕಣಮ್ಮ. ಯಾರದೋ ಮದುವೆ ಸಾಂಬಾರಲ್ಲಿ ತಿಳೀದೆ ತಿಂದ. ಒಂದೇ ವಾರ. ಬೋರ್‌ವೆಲ್ ಮೋಟಾರು ಸುಟ್ಟೋಯ್ತು, ತುಂಬು ಗಬ್ಬದ ಎಮ್ಮೆ ಕಂದು ಹಾಕ್ತು, ಕರು ಉಳೀಲಿಲ್ಲ. ಅಯಿಪೋಯೆ, ಎಲ್ಲ ಮುಗೀತು."

ಬೋರ್‌ವೆಲ್ ಮೋಟಾರನ್ನು ನಾನು ಮರೆತೆ. ಎಮ್ಮೆಯನ್ನು ಮರೆಯಲಾಗಲಿಲ್ಲ. ಯಾಕೆಂದರೆ ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಸೊಸೆ ಮಾನಸ ಬಸುರಿಯಾದಳು. ದಿನವೂ ದೀಪ ಹಚ್ಚುವಾಗ ಹೇಳಿಕೊಳ್ಳುತ್ತಿದ್ದೆ, ತಂದೆ ವಿಶ್ವನಾಥ, ಅವಳಿಗೆ ಸುಖವಾಗಿ ಹೆರಿಗೆಯಾಗಲಿ, ಅಲ್ಲಿಯವರೆಗೆ ಇವರ ಬಾಯಿ ಭದ್ರವಾಗಿರಲಿ.

ಈ ಬೇಸಿಗೆಯಲ್ಲಿ ಮಾನಸ ಹೆರಿಗೆಗೆಂದು ಮಾಲೂರಿನ ತವರಿಗೆ ಹೋದಳು. ಕಾಂತರಾಜನೂ ಹೆಚ್ಚಾಗಿ ಅಲ್ಲೇ ಇರುತ್ತಿದ್ದ. ಮನೆ ಭಣಗುಟ್ಟುತ್ತಿತ್ತು. ನಮ್ಮವರಿಗೆ ಜ್ಞಾನೋದಯವಾಯಿತು.

"ಹೆರಿಗೆಗೆ ಇನ್ನೂ ಟೈಮಿದೆ. ಮಗು ಬಂದ ಮೇಲೆ ನೀನು ಹೊಸಿಲು ದಾಟಲ್ಲ. ಒಂದಿನ ಬೆಂಗಳೂರಿಗೆ ಹೋಗಿ, ದೊಡ್ಡ ಬಸವಣ್ಣನಿಗೆ ಕೈ ಮುಗಿದು, ಚೆನ್ನಾಗಿ ತಿಂದು ಬರೋಣ."

ಬಸವಣ್ಣನ ಹೆಸರು ಹೇಳಿದರೆ ನಾನು ಒಪ್ಪುತ್ತೇನೆಂದು ಅವರಿಗೆ ಗೊತ್ತು. 'ಚೆನ್ನಾಗಿ ತಿಂದು' ಎಂದಾಗಲೇ ನನಗೆ ಭಯ ಶುರುವಾಯಿತು. ಊರಲ್ಲಿ ಅಡುಗೆ ನನ್ನ ಕೈಯಲ್ಲಿರುತ್ತದೆ. ಹೊರಗೆ, ಅದೂ ಮಾವಿನ ಕಾಲದಲ್ಲಿ, ಯಾರು ಯಾವುದಕ್ಕೆ ಏನು ಹಾಕಿರುತ್ತಾರೋ.

"ಒಂದು ಷರತ್ತು," ಎಂದೆ. "ನೀವು ಏನೇ ತಿನ್ನೋದಿದ್ರೂ ಮೊದಲು ನಾನು ರುಚಿ ನೋಡ್ತೀನಿ."

"ತಿಳೀದೆ ತಿಂದ್ರೆ ತಪ್ಪಿಲ್ಲ ಕಣೇ. ದೇವರೇನು ಹೋಟೆಲ್ ಚೆಕ್ ಮಾಡೋ ಆಫೀಸರಾ?"

"ತಿಳೀದೆ ಇಲಿ ಪಾಷಾಣ ತಿಂದ್ರೆ ಸಾಯಲ್ವಾ?"

ರಾಜಮಹಾರಾಜರ ಊಟಕ್ಕೆ ಮುಂಚೆ ವಿಷಪರೀಕ್ಷೆಗೆ ಒಬ್ಬನನ್ನು ಇಡುತ್ತಿದ್ದರಂತೆ. ಆ ಪದವಿಯನ್ನು ನಾನು ಹೊರಟ ದಿನ ಬೆಳಿಗ್ಗೆ ಮುಳಬಾಗಿಲಿನಲ್ಲಿ ವಹಿಸಿಕೊಂಡೆ.

ಬಸ್ಸು ಹತ್ತುವ ಮುಂಚೆಯೇ ದೋಸೆಯಾಗಬೇಕಿತ್ತು. ಮುಳಬಾಗಿಲಿಗೆ ಬಂದು ದೋಸೆ ತಿನ್ನದೆ ಹೋದರೆ ಅದೇ ಒಂದು ದೋಷ ಎಂಬುದು ನಮ್ಮವರ ಸಿದ್ಧಾಂತ. ಚಟ್ನಿ ಸ್ವಲ್ಪ ಹುಳಿಯಾಗಿತ್ತು. ನಾನು ಅವರ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟೆ.

"ಚಟ್ನಿಗೆ ಏನಪ್ಪ ಹುಳಿ ಹಾಕಿದ್ದೀರ?" ಎಂದು ದೋಸೆ ಹುಯ್ಯುವವನನ್ನು ಕೇಳಿದೆ.

"ಹುಣಿಸೆಹಣ್ಣಮ್ಮ."

"ಆಣೆ ಮಾಡ್ತೀಯಾ?"

ಅವನು ನಮ್ಮವರ ಮುಖ ನೋಡಿದ. ನಮ್ಮವರು ಆಕಾಶ ನೋಡಿದರು. ಖಾತ್ರಿಗಾಗಿ ನಾನು ಒಂದು ದೋಸೆ ಪೂರ್ತಿ ತಿಂದೆ, ಆಮೇಲೆ ನನ್ನ ಪಾಲಿನ ದೋಸೆಯನ್ನೂ ತಿಂದೆ. ಕೋಲಾರದಲ್ಲಿ ಬಸ್ಸು ನಿಂತಾಗ ವಡೆಯನ್ನೂ ಪರೀಕ್ಷಿಸಿದೆ.

ಬೆಂಗಳೂರಿನಲ್ಲಿ ಬಸವಣ್ಣನ ಮುಂದೆ ನಿಂತಾಗ ಮಾತ್ರ ಸ್ವಲ್ಪ ಧೈರ್ಯ ಬಂತು. ಅಷ್ಟು ದೊಡ್ಡ ಬಸವಣ್ಣ ಅಷ್ಟು ಶಾಂತವಾಗಿ ಕೂತಿರುವಾಗ ನಾನೇಕೆ ಹೆದರಲಿ ಎನ್ನಿಸಿತು. ಗುಡಿಯಲ್ಲಿ ಸದ್ದಾಗಬಾರದೆಂದು ಫೋನನ್ನು ಸುಮ್ಮನಾಗಿಸಿ ಚೀಲದ ತಳಕ್ಕೆ ಹಾಕಿದೆ. ಯಜಮಾನರ ಫೋನು ಊರಿನಲ್ಲೇ ಚಾರ್ಜಿನಲ್ಲಿ ಉಳಿದಿತ್ತು. ಕಣ್ಣು ಮುಚ್ಚಿ ಮಾನಸಳಿಗಾಗಿ ಬಹಳ ಹೊತ್ತು ಬೇಡಿಕೊಂಡೆ. ಕಣ್ಣು ತೆರೆದರೆ ಪಕ್ಕದಲ್ಲಿ ಇವರಿಲ್ಲ. ಹೊರಗೆ ಓಡಿ ಬಂದೆ. ಕಡಲೆಕಾಯಿ ಬಿಡಿಸುತ್ತ ನಿಂತಿದ್ದರು.

"ಇದಕ್ಕೂ ಮಾವು ಹಾಕಿರ್ತಾರಾ?" ಎಂದು ಸಿಪ್ಪೆ ತೋರಿಸಿದರು.

ಅಲ್ಲಿಂದ ಹೋಟೆಲ್ಲು. ಇಡ್ಲಿ ಬಿಳಿ, ಆದ್ದರಿಂದ ನಿರ್ದೋಷಿ. ಖಾರಾಬಾತಿನ ಮೇಲೂ ನನಗೆ ಗುಮಾನಿ ಇರಲಿಲ್ಲ. ಕೇಸರಿಬಾತು ಬಂದಾಗ ಬಟ್ಟಲನ್ನು ನನ್ನ ಕಡೆ ಎಳೆದುಕೊಂಡೆ. ಅಷ್ಟು ಹಳದಿ. ಒಂದು ಚಮಚ ತಿಂದೆ, ತೀರ್ಮಾನವಾಗಲಿಲ್ಲ. ಇನ್ನೊಂದು ಚಮಚ ತಿಂದೆ. ಅನಾನಸ್ ಎಂದು ಖಚಿತವಾಗುವ ಹೊತ್ತಿಗೆ ಬಟ್ಟಲು ಬರಿದಾಗಿತ್ತು.

"ಇದೇ ರೀತಿ ಪರೀಕ್ಷೆ ಮಾಡ್ತಾ ಹೋದ್ರೆ ನಾನು ಉಪವಾಸ ಸಾಯ್ತೀನಿ," ಎಂದರು ಯಜಮಾನರು.

"ಮಾನಸನ ಮುಖ ನೆನಪು ಮಾಡ್ಕೊಳ್ಳಿ."

ಈ ಮಾತು ನನ್ನ ಬ್ರಹ್ಮಾಸ್ತ್ರ. ಮಧ್ಯಾಹ್ನದ ಹೊತ್ತಿಗೆ ಪಾಪ ಅವರಿಗೆ ಸೊಸೆಯ ಮುಖ ಎಷ್ಟು ಸಲ ನೆನಪಿಗೆ ಬಂದಿತ್ತೆಂದರೆ, ಹೆಸರು ತೆಗೆದ ತಕ್ಷಣ ಕೈಯಲ್ಲಿದ್ದದ್ದನ್ನು ತಾವೇ ನನ್ನ ಮುಂದೆ ಇಡುತ್ತಿದ್ದರು.

ಹೂವು ನೋಡೋಣ, ತಿನ್ನುವಂಥದ್ದು ಏನೂ ಇರುವುದಿಲ್ಲ ಎಂದು ಲಾಲ್‌ಬಾಗಿಗೆ ಹೋಗುವ ಸಲಹೆ ನನ್ನದೇ. ಗೇಟಿನಲ್ಲಿ ಬಟ್ಟೆಯ ಮೇಲೆ ದೊಡ್ಡದಾಗಿ ಬರೆದಿತ್ತು: ಮಾವು ಮತ್ತು ಹಲಸಿನ ಮೇಳ.

ಒಳಗೆ ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಶಾ. ನಮ್ಮ ಶ್ರೀನಿವಾಸಪುರದ ಕಡೆಯ ರೈತರೇ ಅರ್ಧ ಮೇಳ ತುಂಬಿದ್ದರು. ನಮ್ಮವರ ಮೂಗಿನ ಹೊಳ್ಳೆಗಳು ಕಹಳೆಯ ಬಾಯಿಯ ಹಾಗೆ ಅಗಲವಾದವು. ವಾಪಸ್ಸು ಎಳೆಯೋಣವೆಂದರೆ ಗುರುತಿನವರು ಒಬ್ಬರು, "ಆವಲಪ್ಪಣ್ಣ, ರಾ ಅಣ್ಣ, ಒಂದು ಹಣ್ಣು ತಿನ್ನು ರಾ," ಎಂದು ಕೈ ಹಿಡಿದರು. ನಾನು ಆ ಹಣ್ಣನ್ನು ಇಸಿದುಕೊಂಡು ತಿಂದೆ. ಇನ್ನೊಬ್ಬರು ಕೊಟ್ಟರು, ಅದನ್ನೂ ತಿಂದೆ. ಯಜಮಾನರು ನನ್ನ ಗಲ್ಲದ ಮೇಲೆ ಇಳಿಯುತ್ತಿದ್ದ ರಸವನ್ನೇ ನೋಡುತ್ತಿದ್ದರು.

ಮುಂದೆ ಚುರುಮುರಿ ಗಾಡಿ. ಅದರ ಮೇಲೆ ಮಾವಿನಕಾಯಿ ತುರಿದು ಉದುರಿಸುತ್ತಿದ್ದರು. ಯಜಮಾನರು ಆಗಲೇ ಪೊಟ್ಟಣ ಹಿಡಿದಾಗಿತ್ತು. ಕಿತ್ತುಕೊಂಡು ನಾನೇ ಮುಗಿಸಿದೆ. ಅದೇನು ಖಾರವೋ, ಕಣ್ಣು ಮೂಗು ಒಟ್ಟಿಗೆ ಸುರಿದು, ನಾಲಿಗೆ ಸತ್ತುಹೋಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ನೋಡಿದರೆ ಮತ್ತೆ ಯಜಮಾನರಿಲ್ಲ.

ಹುಡುಕಿದೆ. ದೊಡ್ಡ ಮರವೊಂದರ ಹಿಂದೆ, ಬೆನ್ನು ತಿರುಗಿಸಿಕೊಂಡು, ಕೈಯಲ್ಲಿ ಕಪ್ಪು ಹಿಡಿದು ನಿಂತಿದ್ದರು. ಕಪ್ಪಿನಲ್ಲಿ ಐಸ್‌ಕ್ರೀಮು. ಹಳದಿ.

"ರೀ."

ಬೆಚ್ಚಿಬಿದ್ದರು. "ಇಲ್ಲ ಕಣೇ, ಇದು..."

"ಕೊಡಿ ಇಲ್ಲಿ."

"ಹೇಳೋದು ಕೇಳು. ಇದು ಮಾವಲ್ಲ, ಇದು..."

"ಮರದ ಹಿಂದೆ ಕದ್ದು ತಿನ್ನೋ ಮಟ್ಟಕ್ಕೆ ಬಂದ್ರಾ? ಅಲ್ಲಿ ತುಂಬು ಬಸುರಿ ಇದ್ದಾಳೆ."

"ಅಯ್ಯೋ ಗಂಗಾ, ನೀನು ಮಾತ್ರ ಅದನ್ನ..."

ಮುಂದಿನ ಮಾತು ಬರದ ಹಾಗೆ ಎಡಗೈಯಿಂದ ಅವರ ಬಾಯಿ ಮುಚ್ಚಿದೆ. ಬಲಗೈಯಲ್ಲಿ ಕಪ್ಪು. ಅನ್ನ ಚೆಲ್ಲುವವಳಲ್ಲ ನಾನು. ಕಣ್ಣು ಮುಚ್ಚಿ, ಶಿವಶಿವಾ ಎನ್ನುತ್ತ, ಕೊನೆಯ ಹನಿಯವರೆಗೂ ನುಂಗಿದೆ. ತಂಪಾಗಿತ್ತು, ಅಷ್ಟೇ ಗೊತ್ತಾಗಿದ್ದು.

ಕೈ ತೆಗೆದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ನನ್ನನ್ನು ಕರುಣೆಯಿಂದ ನೋಡಿದರು. ಆ ಕರುಣೆಗೇ ನನಗೆ ಹೆದರಿಕೆಯಾಯಿತು.

"ಅದು ಹಲಸಿಂದು," ಎಂದರು.

ಮೇಳದ ಗದ್ದಲವೆಲ್ಲ ಒಮ್ಮೆಲೇ ದೂರವಾಯಿತು.

"ನೀನು ನೋಡಿದ್ರೆ ಆಸೆಪಡ್ತೀಯ ಅಂತ ಮರದ ಹಿಂದೆ ಬಂದೆ. ಹೇಳೋಕೆ ಬಿಟ್ರೆ ತಾನೆ."

"ತಿಳೀದೆ ತಿಂದ್ರೆ ತಪ್ಪಿಲ್ಲ ಅಂತ ನೀವೇ ಅಂದಿದ್ರಲ್ಲ," ಎಂದೆ.

"ನಾನು ಅಂದಿದ್ದೆ. ನೀನೇ ಇಲಿ ಪಾಷಾಣ ಅಂದೆ."

ಬಾಯಿ ತೊಳೆಯಲು ನೀರಿನ ಬಾಟಲಿಗೆಂದು ಚೀಲಕ್ಕೆ ಕೈ ಹಾಕಿದೆ. ಫೋನು ಸಿಕ್ಕಿತು. ಪರದೆಯ ತುಂಬ ಕಾಂತರಾಜನ ಕರೆಗಳು. ತಿರುಗಿ ಮಾಡಿದರೆ ಅವನ ಫೋನು ಆಫಾಗಿತ್ತು. ಬೀಗಿತ್ತಿ ರಾಮಲಕ್ಷ್ಮಮ್ಮನಿಗೆ ಮಾಡಿದೆ. ಯಾರೋ ನೆರೆಮನೆಯಾಕೆ ಎತ್ತಿದರು.

"ಎಲ್ಲಾರೂ ಆಸ್ಪತ್ರೆಗೆ ಹೋದ್ರಮ್ಮ. ಅವಸರದಲ್ಲಿ ಫೋನು ಇಲ್ಲೇ ಬಿಟ್ಟೋದ್ರು. ಜಾಸ್ತಿ ಏನೂ ಗೊತ್ತಿಲ್ಲ."

ಹೆರಿಗೆಗೆ ಇನ್ನೂ ಟೈಮಿತ್ತು. ಭಾರತಮ್ಮನ ಭಾವನ ಎಮ್ಮೆ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆಟೋದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಮಾಲೂರಿನ ಕಡೆಯ ರೈಲು ಹತ್ತಿದೆವು. ಕೆಲಸ ಮುಗಿಸಿ ಮನೆಗೆ ಹೋಗುವವರ ನೂಕುನುಗ್ಗಲು. ಯಜಮಾನರು ನನಗೆ ಹೇಗೋ ಒಂದು ಮೂಲೆ ಮಾಡಿಕೊಟ್ಟು ಪಕ್ಕದಲ್ಲಿ ನಿಂತರು. ರೈಲು ಹೊರಡುತ್ತಲೇ ನಾನು ಕೈ ಜೋಡಿಸಿದೆ. ತಪ್ಪು ನನ್ನ ನಾಲಿಗೆಯದು, ಶಿಕ್ಷೆಯೂ ಅದಕ್ಕೇ ಆಗಲಿ, ಆ ಹುಡುಗಿಗೆ ಬೇಡ.

"ವಿಶ್ವನಾಥ, ಇವತ್ತಿನಿಂದ ದೋಸೆ ಬಿಟ್ಟೆ," ಎಂದೆ ಕಂಟೋನ್ಮೆಂಟಿನಲ್ಲಿ.

ಎದೆಯ ಭಾರ ಇಳಿಯಲಿಲ್ಲ. ಬೈಯಪ್ಪನಹಳ್ಳಿಯಲ್ಲಿ ಕಾಫಿ ಬಿಟ್ಟೆ. ಕೃಷ್ಣರಾಜಪುರದಲ್ಲಿ ರೈಲು ಸುಮ್ಮನೆ ನಿಂತುಬಿಟ್ಟಿತು. ನಿಂತಷ್ಟೂ ಹೊತ್ತು ಭಯ ಬೆಳೆಯುತ್ತ ಹೋಗಿ, ವಡೆ, ಬೋಂಡ, ಹಪ್ಪಳ, ಚಿತ್ರಾನ್ನ ಎಲ್ಲ ಹೋದವು. ವೈಟ್‌ಫೀಲ್ಡಿನಲ್ಲಿ ಸಿಹಿ ಅಂತ ಇರುವುದನ್ನೆಲ್ಲ ಬಿಟ್ಟೆ. ಎದುರಿನ ಹೆಂಗಸು, "ಶುಗರ್ರಾ ಅಮ್ಮ?" ಎಂದು ಮರುಗಿದಳು. ದೇವನಗೊಂದಿ ಬಂದಾಗ ನನ್ನ ಹತ್ತಿರ ಬಿಡಲು ಹೆಚ್ಚೇನೂ ಉಳಿದಿರಲಿಲ್ಲ. ಅನ್ನ ಬಿಟ್ಟೆ, ತರಕಾರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಬಿಟ್ಟೆ. (ಹಾಗಲಕಾಯಿಯೊಂದು ಮಾತ್ರ ನೆನಪಾಗಲಿಲ್ಲ.) "ಇನ್ನು ಮುದ್ದೆ..." ಎನ್ನುವಷ್ಟರಲ್ಲಿ ಯಜಮಾನರು ನನ್ನ ಜೋಡಿಸಿದ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಸಾಕು ಕಣೇ. ಮಗು ಎತ್ತಿಕೊಳ್ಳೋಕೆ ಕೈಲಿ ಶಕ್ತಿ ಬೇಡ್ವಾ?"

ಅವರ ಕೈಯೂ ನಡುಗುತ್ತಿತ್ತು. ಆಗಷ್ಟೇ ನಾನು ಅದನ್ನು ನೋಡಿದ್ದು.

ಮಾಲೂರಿನ ಆಸ್ಪತ್ರೆಯ ಬಾಗಿಲಲ್ಲಿ ಕಾಂತರಾಜ ಸಿಕ್ಕ. ಹಲ್ಲು ಬಿಡುತ್ತಿದ್ದ.

"ಫೋನು ಯಾಕಮ್ಮ ಎತ್ತಲಿಲ್ಲ? ಬೆಳಗ್ಗೆಯಿಂದ ಮಾಡಿ ಮಾಡಿ ಬ್ಯಾಟ್ರಿನೇ ಸತ್ತೋಯ್ತು. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ."

"ಯಾವಾಗಪ್ಪ ಆಗಿದ್ದು?"

"ಬೆಳಗ್ಗೇನೇ. ನೀವು ಬಸವಣ್ಣನ ಗುಡೀಲಿ ಇದ್ರೇನೋ ಆಗ."

ಬೆಂಚಿನ ಮೇಲೆ ಕೂತೆ. ಬಸವಣ್ಣನ ಗುಡಿ ಬೆಳಿಗ್ಗೆ, ಹಲಸು ಮಧ್ಯಾಹ್ನ. ನಾನು ಆ ಕಪ್ಪಿಗೆ ಕೈ ಹಾಕುವ ಹೊತ್ತಿಗೆ ನನ್ನ ಮೊಮ್ಮಗಳು ಸ್ನಾನ ಮುಗಿಸಿ ನಿದ್ದೆ ಮಾಡುತ್ತಿದ್ದಳು. ಮಗುವನ್ನು ಮಡಿಲಲ್ಲಿ ಇಟ್ಟರು. ಅತ್ತುಬಿಟ್ಟೆ.

ರಾಮಲಕ್ಷ್ಮಮ್ಮ ಲಾಡಿನ ತಟ್ಟೆ ಹಿಡಿದು ಬಂದರು. "ತಗೊಳ್ಳಿ ಬೀಗರೆ, ಬಾಯಿ ಸಿಹಿ ಮಾಡ್ಕೊಳ್ಳಿ."

"ಅವಳು ಸಿಹಿ ತಿನ್ನಲ್ಲ," ಎಂದರು ನಮ್ಮವರು ಗಂಭೀರವಾಗಿ. "ವೈಟ್‌ಫೀಲ್ಡಲ್ಲಿ ಬಿಟ್ಟಳು."

"ಕಾಫಿನಾದ್ರೂ..."

"ಅದು ಬೈಯಪ್ಪನಹಳ್ಳೀಲೇ ಹೋಯ್ತು."

ಹೀಗೆ ಹೇಳಿ ನನ್ನ ಪಾಲಿನ ಲಾಡನ್ನೂ ಕಾಫಿಯನ್ನೂ ತಾವೇ ತೆಗೆದುಕೊಂಡರು. ಬೆಳಗಿನಿಂದ ಅವರಿಗೆ ನೆಮ್ಮದಿಯಾಗಿ ಸಿಕ್ಕ ಮೊದಲ ತಿನಿಸು ಅದು. ರುಚಿ ನೋಡುತ್ತೇನೆಂದು ನಾನು ಕೈ ಚಾಚುವ ಹಾಗೂ ಇರಲಿಲ್ಲ.

ಊರಿಗೆ ಬಂದ ಮೇಲೆ, ನನಗೆ ಪರಿಚಯದ ಒಬ್ಬ ಹೆಂಗಸಿನ ಕಥೆ ಎಂದು ಹೇಳಿ, ರೈಲಿನಲ್ಲಿ ಬಿಟ್ಟದ್ದನ್ನು ವಾಪಸ್ಸು ತೆಗೆದುಕೊಳ್ಳಬಹುದೇ ಎಂದು ಭಾರತಮ್ಮನನ್ನು ಕೇಳಿದೆ. ಅವರು, "ನಮ್ಮ ಭಾವನ ತಮ್ಮ ಒಬ್ಬ ಇದ್ದ," ಎಂದು ಶುರುಮಾಡಿದರು. ಜೀವನದಲ್ಲಿ ಮೊದಲ ಸಲ ನಾನು ಕಥೆ ಪೂರ್ತಿ ಕೇಳದೆ ಎದ್ದು ಬಂದೆ.

ಈಗ ನನಗೆ ಉಳಿದಿರುವುದು ಮುದ್ದೆ, ನೆಂಚಿಕೊಳ್ಳಲು ಮಾವಿನಹಣ್ಣು. ಇಡೀ ದಿನ ಅದನ್ನು ಕಾವಲು ಕಾದವಳಿಗೆ, ರೈಲಿನಲ್ಲಿ ಅದನ್ನು ಬಿಡಬೇಕೆಂದು ಹೊಳೆಯಲೇ ಇಲ್ಲ. ದಿನವೂ ಯಜಮಾನರು ತೋಪಿನಿಂದ ಹಣ್ಣು ಆಯ್ದು ತಂದು, ತೊಳೆದು, ಹೋಳು ಮಾಡಿ ನನ್ನ ಮುಂದೆ ಇಡುತ್ತಾರೆ.

"ತಿನ್ನು. ಹಲಸು ಏನೂ ಸೇರಿಲ್ಲ, ನೋಡಿದ್ದೀನಿ," ಎನ್ನುತ್ತಾರೆ.

ತೋಪಿನಲ್ಲಿ ಕಾಯಿ ಕಡಿಮೆಯಾಗುತ್ತ ಬಂದಿದೆ. ಸೀಸನ್ ಮುಗಿದ ಮೇಲೆ ಏನು ತಿನ್ನಲಿ ಎಂಬ ಹೆದರಿಕೆ ನನಗೆ ಶುರುವಾಗಿದೆ. ನಿನ್ನೆ ಅದನ್ನೇ ಅವರ ಹತ್ತಿರ ಹೇಳಿಕೊಂಡೆ. ಅವರು ಸೈಕಲ್ ತೆಗೆದುಕೊಂಡು ಹೋಗಿ, ಸಂತೆಯಿಂದ ಒಂದು ಚೀಲ ತುಂಬ ಹಾಗಲಕಾಯಿ ತಂದರು.